‘ಬಿಡುವ ಮನಸ್ಸಿಲ್ಲ’: ಒಂದು ಷರಾದ ಚರಿತ್ರೆ

ನನ್ನ ಸೋದರಮಾವ ಲೈನ್‌ಮನ್ ಆಗಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಅಪರಾತ್ರಿ ಕಂಬ ಹತ್ತುವ ಕೆಲಸ. ಚಳಿಗೆಂದು ಶುರುವಾದ ಕುಡಿತ ಕೆಲವೇ ವರ್ಷಗಳಲ್ಲಿ ಬೆಳಗಿನ ಕೈನಡುಕ ನಿಲ್ಲಿಸಲೂ ಬೇಕಾಗುವಲ್ಲಿಗೆ ಬಂದು ನಿಂತಿತ್ತು. 1996ರಲ್ಲಿ ಅತ್ತೆ ಹಟ ಹಿಡಿದು ಅವರನ್ನು ಊರಿನಿಂದ ದೂರದ ಒಂದು ಆಸ್ಪತ್ರೆಗೆ ಸೇರಿಸಿದರು. ಇಂಗ್ಲಿಷ್ ಓದಲು ಬರುತ್ತದೆ ಎಂಬ ಕಾರಣಕ್ಕೆ ಪಿಯುಸಿಯಲ್ಲಿದ್ದ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

ಐದನೆಯ ದಿನದ ಹೊತ್ತಿಗೆ ನಡುಕ ನಿಂತಿತ್ತು, ಮಾವ ಅನ್ನ ಉಣ್ಣತೊಡಗಿದ್ದರು. ಅಂದೇ ಡಿಸ್ಚಾರ್ಜ್ ಮಾಡಿದರು. ಚೀಟಿಯ ಕೊನೆಯಲ್ಲಿ ಒಂದು ಸಾಲಿನ ಷರಾ ಇತ್ತು: ‘ಪೇಷೆಂಟ್ ನಾಟ್ ಮೋಟಿವೇಟೆಡ್.’ ಏನಂತ ಬರೆದಿದ್ದಾರೆ ಎಂದು ಅತ್ತೆ ಕೇಳಿದರು. ‘ಬಿಡೋ ಮನಸ್ಸಿಲ್ಲ ಅಂತ’ ಎಂದೆ. ಮನಸ್ಸು ಮಾಡಿದಾಗ ಮತ್ತೆ ಕರೆದುಕೊಂಡು ಬನ್ನಿ ಎಂದು ವಾರ್ಡಿನವರು ಬಾಯಿಮಾತಿನಲ್ಲೂ ಹೇಳಿದ್ದರು. ಅತ್ತೆ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾ, ‘ಮನ್ಸಿದ್ದಿದ್ರೆ ಮನೇಲೇ ಬಿಡ್ತಿದ್ರಲ್ಲ, ಇಲ್ಲಿಗ್ಯಾಕೆ ಕರ್ಕೊಂಡ್ ಬರ್ತಿದ್ದೆ?’ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಎಡಗಡೆಯ ಸೀಟೇ ಬೇಕೆಂದರು. ಬಲಗಡೆ ಕಿಟಕಿಯ ಪಕ್ಕ ಜಾಗವಿತ್ತು, ಗಾಳಿಯೂ ಬರುತ್ತಿತ್ತು. ಆದರೂ ಒಪ್ಪಲಿಲ್ಲ. ಮೊದಲೇ ಬೇಸರದಲ್ಲಿದ್ದ ನನಗೆ ಅದು ಇನ್ನೊಂದು ಕಿರಿಕಿರಿಯಾಗಿ ಕಂಡಿತು, ಅಷ್ಟೇ.

ನಾಲ್ಕನೆಯ ದಿನಕ್ಕೆ ಅವರು ಮತ್ತೆ ಕುಡಿದರು. ಷರಾ ನಿಜವಾಯಿತು ಎಂದು ಎಲ್ಲರೂ ಅಂದುಕೊಂಡೆವು. ಅತ್ತೆಯ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ಕುಡಿತ ಬಿಡುವ ಮನಸ್ಸು ಇದೆಯೋ ಇಲ್ಲವೋ ಎಂದು ಇನ್ನೊಬ್ಬರು ಹೇಗೆ ತಿಳಿಯುತ್ತಾರೆ? ಅದನ್ನು ಅಳೆಯಬಹುದೆ? ಇಲ್ಲವೆಂದಾದರೆ ಆ ಮನುಷ್ಯನನ್ನು ಮನೆಗೆ ಕಳಿಸಬೇಕೋ, ಉಳಿಸಿಕೊಳ್ಳಬೇಕೋ? ವರ್ಷಗಳ ನಂತರ ಓದುತ್ತಾ ಹೋದಾಗ, ಇದು ಅತ್ತೆಯೊಬ್ಬರ ಪ್ರಶ್ನೆಯಲ್ಲ, ವೈದ್ಯಶಾಸ್ತ್ರ ಇನ್ನೂರು ವರ್ಷಗಳಿಂದ ಎಡವುತ್ತಾ ಬಂದಿರುವ ಪ್ರಶ್ನೆ ಎಂದು ಗೊತ್ತಾಯಿತು.

*

ಕುಡಿತವನ್ನು ಪಾಪದ ಲೆಕ್ಕದಿಂದ ತೆಗೆದು ರೋಗದ ಲೆಕ್ಕಕ್ಕೆ ಹಾಕಿದವರಲ್ಲಿ ಇಬ್ಬರು ಮುಖ್ಯರು. ಒಬ್ಬ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್. 1784ರಲ್ಲಿ ಅವನು ಭಟ್ಟಿ ಇಳಿಸಿದ ಮದ್ಯದ ದುಷ್ಪರಿಣಾಮಗಳ ಬಗ್ಗೆ ಬರೆದ. ಮುಂದಿನ ಮುದ್ರಣಗಳಲ್ಲಿ ಆ ಬರಹದ ಜೊತೆಗೆ ಒಂದು ‘ಥರ್ಮಾಮೀಟರ್’ ಚಿತ್ರವೂ ಅಚ್ಚಾಗುತ್ತಿತ್ತು. ಮೇಲ್ತುದಿಯಲ್ಲಿ ನೀರು, ಅದರ ಪಕ್ಕದಲ್ಲಿ ಆರೋಗ್ಯ, ಸಂಪತ್ತು, ನೆಮ್ಮದಿ. ಕೆಳಗಿಳಿದಂತೆ ಬಿಯರು, ವೈನು, ಕೊನೆಗೆ ಜಿನ್ನು, ರಮ್ಮು. ಅವುಗಳ ಪಕ್ಕದಲ್ಲಿ ಕಳ್ಳತನ, ಕೊಲೆ, ನೇಣುಗಂಬ. ಕುಡಿತದ ಚರಿತ್ರೆಯಲ್ಲಿ ಇದು ಬಹುಶಃ ಮೊದಲ ಪ್ರಸಿದ್ಧ ಅಳತೆಗೋಲು. ಅದು ಅಳೆದದ್ದು ಲೋಟದಲ್ಲಿರುವುದನ್ನು. ಲೋಟ ಹಿಡಿದವನ ಮನಸ್ಸಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಇನ್ನೊಬ್ಬ ಬ್ರಿಟಿಷ್ ನೌಕಾಪಡೆಯ ವೈದ್ಯ, ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್. ಹಡಗುಗಳಲ್ಲಿ ರಮ್ಮು ದಿನನಿತ್ಯದ ಪಡಿಯಾಗಿದ್ದ ಕಾಲ ಅದು. 1804ರಲ್ಲಿ ಪ್ರಕಟವಾದ ಅವನ ಪುಸ್ತಕ, ಕುಡಿತದ ಚಟ ಮನಸ್ಸಿನ ಕಾಯಿಲೆ ಎಂದು ನೇರವಾಗಿ ಹೇಳಿತು. ವೈದ್ಯ ಮೊದಲು ರೋಗಿಯ ಪೂರ್ಣ ನಂಬಿಕೆ ಗಳಿಸಬೇಕು, ಚಿಕಿತ್ಸೆ ಶುರುವಾಗುವುದು ಆಮೇಲೆ ಎಂದೂ ಅವನು ಬರೆದ. ಮನಸ್ಸು ಸಿದ್ಧವಿದೆಯೇ ಎಂದು ರೋಗಿಯನ್ನು ಪರೀಕ್ಷಿಸುವ ಮೊದಲು ವೈದ್ಯ ತನ್ನ ಕೆಲಸ ಮಾಡಿದ್ದಾನೆಯೇ ಎಂದು ಕೇಳುವ ಮಾತು ಅದು. ಇದನ್ನು ಮತ್ತೆ ಕಂಡುಕೊಳ್ಳಲು ವೈದ್ಯರಂಗಕ್ಕೆ ಸುಮಾರು ನೂರಎಂಬತ್ತು ವರ್ಷ ಬೇಕಾಯಿತು.

*

ನಡುವಿನ ಅವಧಿಯ ದೊಡ್ಡ ಘಟನೆ 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ನಡೆಯಿತು. ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯ ಮತ್ತು ಬಾಬ್ ಸ್ಮಿತ್ ಎಂಬ ವೈದ್ಯ, ಇಬ್ಬರೂ ವಿಪರೀತ ಕುಡುಕರು, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡು ಕುಡಿತದಿಂದ ದೂರ ಉಳಿದರು. ಅಲ್ಲಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ಆ ಕೂಟಗಳಿಂದ ಹೊರಟು ಜಗತ್ತಿನೆಲ್ಲೆಡೆ ಹರಡಿದ ಒಂದು ಮಾತಿದೆ: ಕುಡುಕ ತಳ ಮುಟ್ಟಬೇಕು. ಕೆಲಸ, ಸಂಸಾರ, ಮಾನ ಎಲ್ಲ ಹೋಗಿ ಇನ್ನು ಕೆಳಗಿಳಿಯಲು ಜಾಗವಿಲ್ಲ ಎಂದಾದಾಗಲೇ ಬಿಡುವ ಮನಸ್ಸು ಹುಟ್ಟುತ್ತದೆ ಎಂಬ ನಂಬಿಕೆ.

ಇದು ಅನುಭವದಿಂದ ಬಂದ ಮಾತು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಸದಸ್ಯರಾಗಲು ಆ ಸಂಸ್ಥೆ ಕೇಳುವುದೂ ಕುಡಿತ ಬಿಡುವ ಬಯಕೆಯೊಂದನ್ನೇ. ಬಯಕೆ ಎಷ್ಟು ಗಟ್ಟಿ ಎಂದು ಬಾಗಿಲಲ್ಲಿ ಯಾರೂ ತೂಗುವುದಿಲ್ಲ. 1953ರ ಹೊತ್ತಿಗೆ, ತಳ ಮುಟ್ಟುವ ಮೊದಲೇ ಬರುತ್ತಿರುವ ಎಳೆಯರೂ ಇದ್ದಾರೆ ಎಂದು ಅವರ ಪುಸ್ತಕವೇ ಒಪ್ಪಿಕೊಂಡಿತು. ಆದರೆ ಆಸ್ಪತ್ರೆಗಳಿಗೆ, ಕುಟುಂಬಗಳಿಗೆ ಈ ಮಾತು ತಲುಪುವಾಗ ಅದರ ಸೂಕ್ಷ್ಮಗಳೆಲ್ಲ ಉದುರಿ, ‘ಕಾಯಿರಿ, ಅವನು ಇನ್ನೂ ಕೆಳಗಿಳಿಯಬೇಕು’ ಎಂಬ ಸಲಹೆಯಷ್ಟೇ ಉಳಿಯಿತು.

ಈ ನಂಬಿಕೆಗೆ ವಿಜ್ಞಾನದ ಆಕಾರ ಕೊಟ್ಟವನು ಇ. ಎಂ. ಜೆಲ್ಲಿನೆಕ್. ಆ ಸಂಸ್ಥೆಯ ಪತ್ರಿಕೆ ತನ್ನ ಓದುಗರಿಗೆ ಕಳಿಸಿದ್ದ ಪ್ರಶ್ನಾವಳಿಯ ಉತ್ತರಗಳನ್ನು ವಿಶ್ಲೇಷಿಸಿ 1946ರಲ್ಲಿ ಅವನು ಕುಡಿತದ ಹಂತಗಳನ್ನು ಗುರುತಿಸಿದ. ವಾಪಸು ಬಂದದ್ದು 158 ಉತ್ತರ, ಬಳಸಿದ್ದು 98. ಹೆಂಗಸರ ಉತ್ತರಗಳು ಕೆಲವೇ ಇದ್ದವು, ಗಂಡಸರ ಉತ್ತರಗಳಿಗಿಂತ ಬೇರೆಯಾಗಿದ್ದವು, ಅವನ್ನು ಬದಿಗಿಡಲಾಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಳ ಮುಟ್ಟುವ ಚಿತ್ರ ಮುಂದೆ ಚಿಕಿತ್ಸಾ ಕೇಂದ್ರಗಳ ಗೋಡೆಯ ಮೇಲೆ ತೂಗಿತು. ಜೆಲ್ಲಿನೆಕ್‌ಗೆ ತನ್ನ ಸಾಮಗ್ರಿಯ ಮಿತಿ ಗೊತ್ತಿತ್ತು. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಆ ಪ್ರಶ್ನಾವಳಿ ತುಂಬಿದವರು ತಳ ಮುಟ್ಟಿ ಮೇಲೆ ಬಂದವರು. ತಳ ಮುಟ್ಟಿ ಅಲ್ಲೇ ಉಳಿದವರಿಗೆ ಅಂಚೆಯಲ್ಲಿ ಉತ್ತರ ಕಳಿಸಲು ಆಗುವುದಿಲ್ಲ.

ಕಾಯುವುದು ಬೇಡ ಎಂದವರೂ ಬಂದರು. ಮಿನ್ನೆಸೋಟದ ಪಾದ್ರಿ ವರ್ನನ್ ಜಾನ್ಸನ್ 1973ರ ತನ್ನ ಪುಸ್ತಕದಲ್ಲಿ, ಮನೆಯವರು, ಕೆಲಸದ ಜಾಗದವರು ಸೇರಿ ಕುಡುಕನ ಮುಂದೆ ಕೂತು, ಅವನಿಂದ ಏನೇನಾಯಿತು ಎಂದು ಒಂದೊಂದಾಗಿ ಹೇಳಿ ಅವನನ್ನು ಚಿಕಿತ್ಸೆಗೆ ಒಪ್ಪಿಸುವ ವಿಧಾನವನ್ನು ವಿವರಿಸಿದ. ಅವನ ಉದ್ದೇಶ ಪ್ರೀತಿಯದ್ದೇ. ಆದರೆ ಅದೇ ಕಾಲದಲ್ಲಿ ಬೈಗುಳವೇ ಔಷಧ ಎಂಬ ಇನ್ನೊಂದು ಪರಂಪರೆಯೂ ಬೆಳೆದಿತ್ತು. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಿನನಾನ್ ಎಂಬ ಕೂಟದಲ್ಲಿ ಒಬ್ಬನನ್ನು ನಡುವೆ ಕೂರಿಸಿ ಉಳಿದವರೆಲ್ಲ ಅವನ ಮೇಲೆ ಹರಿಹಾಯುವುದಕ್ಕೆ ‘ಆಟ’ ಎಂದೇ ಹೆಸರಿತ್ತು. ಮುಂದೆ ಅದು ಹಿಂಸೆಯಲ್ಲಿ ಮುಳುಗಿ ಹೋಯಿತು, ಆದರೆ ಅದರ ಗದರಿಕೆಯ ಧಾಟಿ ಅನೇಕ ಚಿಕಿತ್ಸಾ ಕೇಂದ್ರಗಳಿಗೆ ಹಬ್ಬಿತು. ಅಲ್ಲಿ ರೋಗಿಗೆ ಎರಡೇ ದಾರಿ. ‘ನಾನು ಕುಡುಕ’ ಎಂದರೆ ಒಪ್ಪಿಕೊಂಡಂತೆ. ‘ಅಲ್ಲ’ ಎಂದರೆ ಅದು ನಿರಾಕರಣೆ, ಅದೇ ರೋಗದ ಲಕ್ಷಣ.

*

1980ರ ದಶಕದಲ್ಲಿ ಎರಡು ಕಡೆಯಿಂದ ಗಾಳಿ ತಿರುಗಿತು.

ಮೊದಲನೆಯದು ರೋಡ್ ಐಲೆಂಡ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಮನಶ್ಶಾಸ್ತ್ರಜ್ಞ ಜೇಮ್ಸ್ ಪ್ರೊಚಾಸ್ಕಾ ಅವರ ತಂದೆ ಕುಡಿತ ಮತ್ತು ಖಿನ್ನತೆಗೆ ಬಲಿಯಾಗಿದ್ದರು, ಮಗ ಕಾಲೇಜಿನಲ್ಲಿದ್ದಾಗ. ಚಿಕಿತ್ಸೆಯ ಮೇಲೆ ಆ ತಂದೆಗೆ ನಂಬಿಕೆಯಿರಲಿಲ್ಲ. ಪ್ರೊಚಾಸ್ಕಾ ತಮ್ಮ ಸಹೋದ್ಯೋಗಿ ಕಾರ್ಲೊ ಡಿಕ್ಲೆಮೆಂಟೆ ಜೊತೆ ಸೇರಿ ಆಸ್ಪತ್ರೆಗೆ ಬಂದವರ ಬದಲು ತಾವಾಗಿಯೇ ಸಿಗರೇಟು ಬಿಡಲು ಹೊರಟವರನ್ನು ಗಮನಿಸಿದರು. 1983ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದವರು 872 ಜನ. ಬದಲಾವಣೆ ಒಂದು ಕ್ಷಣದ ಶಪಥವಲ್ಲ, ಹಂತಗಳ ನಡಿಗೆ ಎಂಬುದು ಅವರು ಕಂಡುಕೊಂಡ ಸಂಗತಿ. ಬಿಡುವ ಯೋಚನೆಯೇ ಇಲ್ಲದ ಹಂತ, ಬಿಡಲೋ ಬೇಡವೋ ಎಂದು ತೂಗುವ ಹಂತ, ಬಿಡುವ ಕೆಲಸಕ್ಕೆ ಕೈಹಾಕುವ ಹಂತ, ಬಿಟ್ಟಿದ್ದನ್ನು ಉಳಿಸಿಕೊಳ್ಳುವ ಹಂತ. ಎರಡನೆಯ ಮತ್ತು ಮೂರನೆಯದರ ನಡುವೆ ತಯಾರಿಯ ಹಂತವೂ ಆಮೇಲೆ ಸ್ಥಿರವಾಗಿ ಸೇರಿತು. ಮತ್ತೆ ಜಾರುವುದು ಸೋಲಲ್ಲ, ಅದೂ ದಾರಿಯ ಭಾಗ.

ಇದರಲ್ಲಿ ದೊಡ್ಡ ಉಪಕಾರವೊಂದಿತ್ತು. ಚಿಕಿತ್ಸೆಗಳೆಲ್ಲ ಮೂರನೆಯ ಹಂತದವರಿಗಾಗಿ ರೂಪುಗೊಂಡಿದ್ದವು, ಬಾಗಿಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಮೊದಲ ಎರಡರಲ್ಲಿದ್ದರು. ಈಜು ಬರುವವರಿಗಷ್ಟೇ ದೋಣಿ ಹತ್ತಲು ಬಿಟ್ಟಂತೆ! ‘ಮನಸ್ಸಿಲ್ಲ’ ಎಂಬುದು ಮನೆಗೆ ಕಳಿಸಲು ಕಾರಣವಲ್ಲ, ಅಲ್ಲಿಂದಲೇ ಕೆಲಸ ಶುರುವಾಗಬೇಕು ಎಂದು ಮೊದಲ ಸಲ ವ್ಯವಸ್ಥಿತವಾಗಿ ಹೇಳಿದಂತಾಯಿತು. ಜೊತೆಗೆ ಅಳತೆಗೋಲುಗಳೂ ಬಂದವು. ಅದೇ 1983ರಲ್ಲಿ ಆ ವಿಶ್ವವಿದ್ಯಾಲಯದವರು 32 ಹೇಳಿಕೆಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಪ್ರತಿ ಹೇಳಿಕೆಯನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಒಂದರಿಂದ ಐದರವರೆಗೆ ಗುರುತು ಹಾಕಬೇಕು, ಅದರಿಂದ ಹಂತ ತಿಳಿಯುತ್ತದೆ.

ಎರಡನೆಯ ಗಾಳಿ ಬೀಸಿದ್ದು ನಾರ್ವೆಯಿಂದ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್ ಅದಕ್ಕೂ ಮೊದಲೇ ಒಂದು ವಿಚಿತ್ರ ಫಲಿತಾಂಶಕ್ಕೆ ಮುಖಾಮುಖಿಯಾಗಿದ್ದರು. ಒಂದೇ ಬಗೆಯ ಚಿಕಿತ್ಸೆ ಕೊಟ್ಟರೂ ಕೆಲವು ಸಲಹೆಗಾರರ ರೋಗಿಗಳು ಚೆನ್ನಾಗಿ ಸುಧಾರಿಸುತ್ತಿದ್ದರು, ಕೆಲವರ ರೋಗಿಗಳು ಇಲ್ಲ. 1980ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ವ್ಯತ್ಯಾಸಕ್ಕೆ ದೊಡ್ಡ ಕಾರಣ, ಸಲಹೆಗಾರ ಎದುರಿನವರ ಮಾತನ್ನು ಎಷ್ಟು ಸಹಾನುಭೂತಿಯಿಂದ ಕೇಳಿಸಿಕೊಳ್ಳುತ್ತಿದ್ದ ಎನ್ನುವುದು. 1982ರಲ್ಲಿ ಮಿಲ್ಲರ್ ಬರ್ಗೆನ್ ಹತ್ತಿರದ ಹ್ಯೆಲ್ಲೆಸ್ತಾದ್ ಚಿಕಿತ್ಸಾಲಯಕ್ಕೆ ಹೋದರು. ಅಲ್ಲಿನ ಎಳೆಯ ಮನಶ್ಶಾಸ್ತ್ರಜ್ಞರು ತಾವು ರೋಗಿಗಳಂತೆ ನಟಿಸಿ, ನೀವು ಹೇಗೆ ಮಾತಾಡುತ್ತೀರಿ ತೋರಿಸಿ ಎಂದರು. ತೋರಿಸುವಾಗ ನಡುನಡುವೆ ತಡೆದು ಕೇಳತೊಡಗಿದರು: ಈಗ ಈ ಪ್ರಶ್ನೆಯನ್ನೇ ಯಾಕೆ ಕೇಳಿದಿರಿ? ಅವನು ಹೇಳಿದ್ದರಲ್ಲಿ ಇದನ್ನೇ ಯಾಕೆ ಎತ್ತಿಕೊಂಡಿರಿ? ತನಗೇ ಗೊತ್ತಿಲ್ಲದೆ ತಾನೊಂದು ನಿಯಮ ಪಾಲಿಸುತ್ತಿದ್ದೇನೆ ಎಂದು ಮಿಲ್ಲರ್‌ಗೆ ಹೊಳೆದದ್ದು ಆಗ. ಬದಲಾಗಬೇಕು ಎಂಬ ವಾದವನ್ನು ಅವರು ತಾವು ಮಂಡಿಸುತ್ತಿರಲಿಲ್ಲ, ರೋಗಿಯ ಬಾಯಿಂದಲೇ ಬರುವಂತೆ ದಾರಿ ಮಾಡುತ್ತಿದ್ದರು. ಈ ವಿಧಾನದ ಬಗ್ಗೆ ಅವರ ಲೇಖನ 1983ರಲ್ಲಿ ಬಂತು. ಮುಂದೆ ವೇಲ್ಸಿನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರೋಲ್ನಿಕ್ ಜೊತೆಯಾಗಿ, 1991ರಲ್ಲಿ ಇಬ್ಬರೂ ಅದನ್ನು ಪುಸ್ತಕವಾಗಿಸಿದರು.

ಅದರ ಒಳಗುಟ್ಟು ಕನ್ನಡದವರಿಗೆ ಸುಲಭವಾಗಿ ಅರ್ಥವಾಗಬೇಕು. ‘ಮೋಟಿವೇಶನ್’ಗೆ ನಾವು ‘ಪ್ರೇರಣೆ’ ಎನ್ನುತ್ತೇವೆ. ಶಾಲೆಯ ವ್ಯಾಕರಣದಲ್ಲಿ ಪ್ರೇರಣಾರ್ಥಕ ಕ್ರಿಯಾಪದ ಓದಿದ ನೆನಪಿರಬಹುದು: ಮಾಡು, ಮಾಡಿಸು, ಬಿಡು, ಬಿಡಿಸು. ಪ್ರೇರಣೆಗೆ ಯಾವಾಗಲೂ ಇನ್ನೊಬ್ಬರು ಬೇಕು. ಆದರೆ ನಮ್ಮೂರಿನ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಕುಡಿತ ಬಿಡಿಸುತ್ತೇವೆ’ ಎಂದು ಬರೆದ ಬರಹಗಳಲ್ಲಿ ಬಿಡುವವನೇ ಕಾಣೆ. ಮಾವನ ಚೀಟಿಯ ಷರಾದಲ್ಲಿ ಬಿಡಿಸುವವರು ಕಾಣೆ. ಮಿಲ್ಲರ್ ಹುಡುಕಿದ್ದು ಇವೆರಡರ ನಡುವಿನ ಜಾಗವನ್ನು. ಕುಡಿಯುವವನಲ್ಲಿ ಎರಡು ಮನಸ್ಸು ಇದ್ದೇ ಇರುತ್ತದೆ. ನೀವು ಒಂದರ ಪರ ಗಟ್ಟಿಯಾಗಿ ವಾದಿಸಿದರೆ ಅವನ ಪಾಲಿಗೆ ಉಳಿಯುವುದು ಇನ್ನೊಂದರ ವಕಾಲತ್ತು. 1993ರಲ್ಲಿ ಮಿಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಟ್ಟಿತು. ಸಲಹೆಗಾರ ಹೆಚ್ಚು ಹೆಚ್ಚು ಎದುರುವಾದಿಸಿದಷ್ಟೂ ಒಂದು ವರ್ಷದ ನಂತರ ರೋಗಿ ಹೆಚ್ಚು ಕುಡಿಯುತ್ತಿದ್ದ.

ಈ ಪರಂಪರೆಯಿಂದ ಬಂದ ಅತ್ಯಂತ ಸರಳ ಸಾಧನವೆಂದರೆ ಸೊನ್ನೆಯಿಂದ ಹತ್ತರವರೆಗಿನ ಒಂದು ಅಳತೆಪಟ್ಟಿ. ಬಿಡುವುದು ನಿಮಗೆ ಎಷ್ಟು ಮುಖ್ಯ? ಬಿಡಬಲ್ಲೆ ಎಂಬ ಭರವಸೆ ಎಷ್ಟಿದೆ? ಈ ಎರಡನ್ನೂ ಬೇರೆಬೇರೆಯಾಗಿ ಕೇಳುತ್ತಾರೆ, ಏಕೆಂದರೆ ಬಿಡುವ ಆಸೆ ಒಂಬತ್ತಿದ್ದು ಭರವಸೆ ಎರಡೇ ಇರುವವರು ಬಹಳ. ಹೊರಗಿನಿಂದ ನೋಡುವವರಿಗೆ ಅಂಥವರೂ ‘ಮನಸ್ಸಿಲ್ಲದವರು’ ಎಂದೇ ಕಾಣುತ್ತಾರೆ. ರೋಗಿ ‘ಮೂರು’ ಎಂದನೆನ್ನಿ. ‘ಮೂರೇ ಯಾಕೆ, ಎಂಟು ಯಾಕಲ್ಲ?’ ಎಂದು ಕೇಳಿದರೆ ಅವನು ಬಿಡದಿರಲು ಕಾರಣಗಳನ್ನು ಹೇಳುತ್ತಾನೆ. ‘ಮೂರು ಯಾಕೆ, ಸೊನ್ನೆ ಯಾಕಲ್ಲ?’ ಎಂದು ಕೇಳಿದರೆ ಬಿಡಲು ತನ್ನಲ್ಲಿರುವ ಕಾರಣಗಳನ್ನು ಹೇಳಬೇಕಾಗುತ್ತದೆ. ಮೂರು ಎಂಬ ಅಂಕಿ ಮಾತಿಗೊಂದು ನೆಪ.

*

ಮೆಟ್ಟಿಲುಗಳ ಕಥೆಗೂ ಪೆಟ್ಟು ಬಿತ್ತು. 1996ರಲ್ಲಿ, ಎಂದರೆ ಮಾವನ ಚೀಟಿ ಬರೆದ ವರ್ಷವೇ, ಮಿಲ್ಲರ್ ಮತ್ತು ಟೋನಿಗನ್ ಕುಡಿಯುವವರಿಗಾಗಿ ರೂಪಿಸಿದ್ದ ಪ್ರಶ್ನಾವಳಿಯ ಉತ್ತರಗಳನ್ನು ಪರಿಶೀಲಿಸಿದಾಗ ಹಂತಗಳು ಹಂತಗಳಾಗಿ ಎದ್ದುಬರಲಿಲ್ಲ. ಸಿಕ್ಕಿದ್ದು ಮೂರು ಎಳೆಗಳು: ಸಮಸ್ಯೆಯಿದೆ ಎಂಬ ಅರಿವು, ಹೊಯ್ದಾಟ, ಮತ್ತು ಆಗಲೇ ಇಡುತ್ತಿರುವ ಹೆಜ್ಜೆ. ಮೂರೂ ಒಬ್ಬನಲ್ಲೇ ಒಟ್ಟಿಗೆ ಇರಬಹುದು. ಮರುವರ್ಷ, 1,726 ಜನರನ್ನು ಒಳಗೊಂಡ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ಅಮೆರಿಕದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಯಾವ ಬಗೆಯ ರೋಗಿಗೆ ಯಾವ ಚಿಕಿತ್ಸೆ ಹೊಂದುತ್ತದೆ ಎಂದು ಮೊದಲೇ ಮಾಡಿಕೊಂಡಿದ್ದ ಊಹೆಗಳಲ್ಲಿ ಹೆಚ್ಚಿನವು ನಿಲ್ಲಲಿಲ್ಲ. ಆದರೆ ಮಿಲ್ಲರ್ ಮಾದರಿಯ ನಾಲ್ಕು ಭೇಟಿಗಳು, ಉಳಿದೆರಡು ಚಿಕಿತ್ಸೆಗಳ ಹನ್ನೆರಡು ಭೇಟಿಗಳಿಗೆ ಹೆಚ್ಚುಕಡಿಮೆ ಸಮನಾಗಿ ನಿಂತವು.

2005ರಲ್ಲಿ ಬ್ರಿಟನ್ನಿನ ರಾಬರ್ಟ್ ವೆಸ್ಟ್ ಹಂತಗಳ ಸಿದ್ಧಾಂತವನ್ನೇ ಬದಿಗಿಡಬೇಕೆಂದು ಬರೆದರು. ಮರುವರ್ಷ ಅವರು ಮತ್ತು ಸೋಹಲ್ ಧೂಮಪಾನಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವ ಪ್ರಯತ್ನ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಯಾವ ಯೋಜನೆಯೂ ಇಲ್ಲದೆ, ನಿರ್ಧರಿಸಿದ ಕ್ಷಣದಲ್ಲೇ ಬಿಟ್ಟಿದ್ದರು. ಆರು ತಿಂಗಳಾದರೂ ಉಳಿದ ಪ್ರಯತ್ನಗಳು ಯೋಜಿಸಿ ಬಿಟ್ಟವರಿಗಿಂತ ಇವರಲ್ಲೇ ಹೆಚ್ಚು. ಬೆಳಿಗ್ಗೆ ಪ್ರಶ್ನಾವಳಿಯಲ್ಲಿ ‘ಯೋಚನೆಯೇ ಇಲ್ಲ’ ಎಂದು ಗುರುತು ಹಾಕಿದವನು ಸಂಜೆ ಬಿಡಬಹುದು ಎಂದಾಯಿತು. ಸಿದ್ಧತೆ ಎಂಬುದು ಎತ್ತರ, ತೂಕದ ಹಾಗೆ ಮನುಷ್ಯನ ಜೊತೆ ಓಡಾಡುವ ವಸ್ತುವಲ್ಲ. ದಿನದಿಂದ ದಿನಕ್ಕೆ, ಎದುರಿಗೆ ಯಾರು ಕೂತಿದ್ದಾರೆ ಎನ್ನುವುದರ ಮೇಲೂ ಬದಲಾಗುತ್ತದೆ. ಇಷ್ಟೆಲ್ಲ ಓದಿ ನನಗೆ ಸಿಕ್ಕ ತಿಳಿವಳಿಕೆ ಇದು: ಅಳತೆ ತಪ್ಪಲ್ಲ, ಅದನ್ನು ತೀರ್ಪಿನ ಹಾಗೆ ಬಳಸುವುದು ತಪ್ಪು. ಎಲ್ಲಿಂದ ಮಾತು ಶುರುಮಾಡಬೇಕು ಎಂದು ತಿಳಿಯಲು ಮಾಡಿದ ಗೆರೆ, ಯಾರನ್ನು ಹೊರಗಿಡಬೇಕು ಎಂದು ಹೇಳುವ ಗೆರೆಯಾಗಿಬಿಡುತ್ತದೆ.

ನಮ್ಮಲ್ಲೂ ಈ ಪ್ರಶ್ನೆಗೆ ಬೇರೊಂದು ದಾರಿಯಿಂದ ಬಂದವರಿದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಕರ್ನಾಟಕದ ಹಳ್ಳಿಗಳವರು ಬಲ್ಲರು. ಊರಿನ ಸಭಾಭವನದಲ್ಲಿ ಎಂಟು ದಿನ. ಅಲ್ಲಿಗೆ ಬರುವವರೆಲ್ಲ ತಾವಾಗಿಯೇ ಮನಸ್ಸು ಮಾಡಿ ಬಂದವರಲ್ಲ. ಹೆಂಡತಿಯ ಒತ್ತಾಯಕ್ಕೆ, ಊರವರ ಮುಲಾಜಿಗೆ ಬಂದವರೂ ಇರುತ್ತಾರೆ. ಮನಸ್ಸು ಬರುವುದಿದ್ದರೆ ಒಳಗೆ ಬಂದ ಮೇಲೆ ಬರಲಿ ಎಂಬ ಧೈರ್ಯ ಅಲ್ಲಿನದು. ಮುಗಿದ ಮೇಲೂ ‘ನವಜೀವನ ಸಮಿತಿ’ಗಳಲ್ಲಿ ಅವರು ಮತ್ತೆ ಮತ್ತೆ ಸೇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಮಿಲ್ಲರ್ ವಿಧಾನವನ್ನು ಬಲ್ಲ ಸಲಹೆಗಾರರಿದ್ದಾರೆ. ಎರಡರ ಭಾಷೆ ಬೇರೆ, ನಂಬಿಕೆ ಬೇರೆ. ಬಾಗಿಲಲ್ಲೇ ಮನಸ್ಸಿನ ಪರೀಕ್ಷೆ ನಡೆಸಿ ವಾಪಸು ಕಳಿಸಬಾರದು ಎನ್ನುವಲ್ಲಿ ಇಬ್ಬರೂ ಒಂದೆಡೆ ಸೇರುತ್ತಾರೆ.

ಆ ಷರಾ ಬರೆದ ವೈದ್ಯರ ಮೇಲೆ ನನಗೀಗ ಸಿಟ್ಟಿಲ್ಲ. ಹಾಸಿಗೆಗಳು ಕಡಿಮೆ, ಹೊರಗೆ ಕಾಯುವವರು ಹೆಚ್ಚು, ಯಾರನ್ನಾದರೂ ಕಳಿಸಲೇಬೇಕು. ಮನಸ್ಸಿದ್ದರೆ ಮಾರ್ಗ ಎಂದು ನಾವೆಲ್ಲ ಬಾಯಿಪಾಠ ಮಾಡಿಕೊಂಡು ಬೆಳೆದವರೇ. ಆ ಗಾದೆಯನ್ನೇ ಅವರು ಇಂಗ್ಲಿಷಿನಲ್ಲಿ ಬರೆದಿದ್ದರು.

ಮಾವ 2003ರಲ್ಲಿ ಲಿವರ್ ಹಾಳಾಗಿ ತೀರಿಕೊಂಡರು. ನಡುವೆ ಮೂರು ಸಲ ತಾವಾಗಿಯೇ ಬಿಟ್ಟಿದ್ದರು, ಒಂದು ಸಲ ಐದು ತಿಂಗಳು. ಯಾವ ಆಸ್ಪತ್ರೆಗೂ ಮತ್ತೆ ಹೋಗಲಿಲ್ಲ. ‘ನಂಗೆ ಮನ್ಸಿಲ್ಲ ಅಂತ ಬರ್ದಾಗಿದೆಯಲ್ಲ’ ಎಂದು ಅತ್ತೆಯ ಬಾಯಿ ಮುಚ್ಚಿಸುತ್ತಿದ್ದರು.

ಅವರ ಹನ್ನೆರಡನೆಯ ದಿನ ಮುಗಿಸಿ ಊರಿಂದ ಹೊರಟಾಗ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದು ಎಡಗಡೆ, ಕಿಟಕಿಯ ಪಕ್ಕ. ಕೈಮರ ದಾಟುವಾಗ ಆ ಕಿಟಕಿಯಲ್ಲೇ ಸಾರಾಯಿ ಅಂಗಡಿ ಹಾದುಹೋಯಿತು. ಬಾಗಿಲಲ್ಲಿ ನಾಲ್ಕೈದು ಜನ ನಿಂತಿದ್ದರು. ಊರಿಂದ ಹೋಗುವಾಗ ಅಂಗಡಿ ಎಡಕ್ಕೆ ಬರುತ್ತದೆ. ಊರಿಗೆ ಬರುವಾಗ ಬಲಕ್ಕೆ. ಏಳು ವರ್ಷದ ಹಿಂದೆ ಡಿಸ್ಚಾರ್ಜ್ ಚೀಟಿಯ ಜೊತೆ ಊರಿಗೆ ಬರುತ್ತಿದ್ದ ಮಾವ ಎಡಗಡೆಯ ಸೀಟಿಗೆ ಯಾಕೆ ಹಟ ಮಾಡಿದ್ದರು ಎಂದು ಆಗ ತಿಳಿಯಿತು. ‘ಸೊನ್ನೆ ಯಾಕಲ್ಲ?’ ಎಂದು ಅಂದು ಯಾರಾದರೂ ಕೇಳಿದ್ದರೆ, ಅವರು ಅದನ್ನು ಹೇಳುತ್ತಿದ್ದರೋ ಏನೋ.